ಒಂದು ಗೇಣು ಕಡಿಮೆ

ಅಂಗಡಿಯವನು ಮೂರು ಸಲ ಅಳೆದ.
ಇಷ್ಟುದ್ದದ ತಂತಿ ಯಾರೂ ಮಾಡುವುದಿಲ್ಲ ಅಂದ,
ಬಂದ ನಗುವನ್ನು ಕೆಮ್ಮಾಗಿಸಿ.
ತಪ್ಪು ತಂತಿಯದಲ್ಲ. ನೀಲಾ
ಹಳೆ ಮಂಚದ ತಲೆಹಲಗೆ ಕೊಯ್ದು
ಗಿಟಾರು ಮಾಡುವಾಗ
ತಲೆಯ ಉದ್ದವನ್ನು ಎರಡು ಸಲ ಕೂಡಿಸಿದ್ದಳು.
ಜಿರಾಫೆಗೆ ಒಪ್ಪುವ ಕತ್ತು.

ಕೊಯ್ದು ಗಿಡ್ಡ ಮಾಡು ಅಂದೆ.
ಹದಿನಾಲ್ಕರ ಹುಡುಗಿ ನನ್ನನ್ನು ನೋಡಿದಳು,
ತೊಟ್ಟಿಲ ಕೂಸಿನ ಕಾಲು ಕತ್ತರಿಸು ಅಂದೆನೋ ಎಂಬಂತೆ.

ವಾರಿಂಗ್ಟನ್ನಿನಲ್ಲಿ ತಂತಿಗೆ ಬರವೆ?
ಊರಿಗೆ ಊರೇ ಒಂದು ಕಾಲಕ್ಕೆ ತಂತಿ ಎಳೆದು ಉಂಡದ್ದು.
ಗಿರಣಿ ಇದ್ದಲ್ಲಿ ಈಗ ಸೋಫಾ ಅಂಗಡಿ,
ಕಾರು ನಿಲ್ಲಿಸುವ ಬಯಲು.
ಪಕ್ಕದ ಮನೆಯ ಕ್ಲಿಫರ್ಡ್ ಗ್ರಿಮ್‌ಶಾ
ಮೂವತ್ತೊಂದು ವರ್ಷ ಅಲ್ಲಿ ದುಡಿದು
ಎರಡೂ ಕಿವಿಗಳನ್ನು ಯಂತ್ರಗಳ ಬಳಿಯೇ ಬಿಟ್ಟುಬಂದವರು.
ಗ್ಯಾರೇಜಿನಿಂದ ಎರಡು ಸಿಂಬೆ ತಂದರು,
ಒಂದು ಉಕ್ಕು, ಒಂದು ಕಂಚು.
ಕೊನೆಯ ದಿನ ಕಂಪನಿ ಕೊಟ್ಟದ್ದು ಗಡಿಯಾರ.
ಇವು, ಕೊಡದೆ ತಂದದ್ದು.

ಡ್ರಿಲ್ಲಿನ ಬಾಯಿಗೊಂದು ಕೊಕ್ಕೆ.
ಉಕ್ಕಿನೆಳೆಯ ಒಂದು ತುದಿ ಅದಕ್ಕೆ,
ಇನ್ನೊಂದು, ಮೀನುಗಾಳದ ತಿರುಗುಣಿಗೆ.
ಅಲ್ಲಿಂದ ರಾಟೆಯ ಮೇಲೆ ಹಾಯ್ದು
ಹತ್ತು ಕಿಲೋ ಜೋಳದ ಹಿಟ್ಟಿನ ಚೀಲ.
ರೊಟ್ಟಿಗೆಂದು ಮ್ಯಾಂಚೆಸ್ಟರಿನಿಂದ ಹೊತ್ತು ತಂದದ್ದು
ಷೆಡ್ಡಿನಲ್ಲಿ ತೂಗುತ್ತ ನನ್ನನ್ನೇ ದಿಟ್ಟಿಸಿತು.
(ಆ ವಾರವೆಲ್ಲ ಬ್ರೆಡ್ಡು ತಿಂದೆವು.)

ಚರ್ಮದ ಕೈಚೀಲ ತೊಟ್ಟು ಕಂಚಿನೆಳೆ ಹಿಡಿದೆ.
ಡ್ರಿಲ್ಲು ಗುರ್ ಅಂದದ್ದೇ
ತೋರುಬೆರಳು ತಾನಾಗಿ ಓರೆಯಾಯಿತು.
ನಾನು ಹೇಳಿರಲಿಲ್ಲ.

ಗುಳೇದಗುಡ್ಡ. ಆರು ವರ್ಷದವಳನ್ನು
ಕಂಡಿಕೆ ಸುತ್ತಲು ಕೂರಿಸಿದ ಗೌರವ್ವ:
'ಜಗ್ಗಬ್ಯಾಡ. ಬಿಡಬ್ಯಾಡ.
ಅದು ಹೊಂಟ ದಾರಿಗೆ ನೀ ಬರೇ
ಗ್ವಾಡಿಯಾಗಿ ನಿಂದ್ರು.'
ನೂಲು ಹರಿದರೆ ಗೆಣ್ಣಿಗೊಂದು ಏಟು.
ಆಮೇಲೆ ನಲವತ್ತು ವರ್ಷ ಈ ಬೆರಳಿಗೆ
ಕೆಲಸವೇ ಇರಲಿಲ್ಲ ಅನ್ನಬೇಕು.
ಹಲ್ಲಿನ ಡಾಕ್ಟರ ಕೌಂಟರಿನಲ್ಲಿ ಕೂತು
ಯಾರ ಯಾರದೋ ನೋವಿಗೆ
ಹೊತ್ತು ಗೊತ್ತು ಮಾಡುತ್ತಿತ್ತು.

ಮೊದಲ ತಂತಿ ಬಂಗಾರದಂತೆ ಬಂತು,
ಸುತ್ತಿಗೆ ಸುತ್ತು ಅಂಟಿ, ನಡುವೆ ಕೂದಲೂ ತೂರದು.
ಹಿಗ್ಗಿ, ಇಕ್ಕಳ ಹಾಕಿ ಟಕ್ಕನೆ ಕತ್ತರಿಸಿದೆ.
ಸರ್ರೆಂದಿತು. ತುದಿಯಿಂದ ತುದಿಗೆ ಪಟ್ಟು ಬಿಟ್ಟು
ಕಂಚು ಉಕ್ಕಿನ ಮೇಲೆ ಹಾವಿನ ಪೊರೆಯಂತೆ ಜಾರಾಡಿತು.
ಕಟ್ಟಿ ಮೀಟಿದರೆ ದಪ್ ಅಂತು,
ನೆನೆದ ಕಂಬಳಿಗೆ ಬಡಿದ ಹಾಗೆ.

'ಮೊದಲು ಬಗ್ಗಿಸು! ಆಮೇಲೆ ಕತ್ತರಿಸು!'
ಬೇಲಿಯಾಚೆಯಿಂದ ಕ್ಲಿಫರ್ಡ್, ಕಿವುಡರ ಗಂಟಲಲ್ಲಿ.
ಬೀದಿಗೆಲ್ಲ ಕೇಳಿಸಿತು. ಯಾರದೋ ನಾಯಿ ಬೊಗಳಿತು.

ಎರಡನೆಯದು ಹರಿದು ಕೆನ್ನೆಗೆ ಗೀರಿತು.
ಮೂರನೆಯದರಲ್ಲಿ ಸಂದು.
ನಾಲ್ಕು, ಐದು ಲೆಕ್ಕಕ್ಕಿಲ್ಲ.
ಆರನೆಯದನ್ನು ಬಗ್ಗಿಸಿದೆ, ಕಾದೆ,
ಉಸಿರು ಬಿಗಿಹಿಡಿದು ಕತ್ತರಿಸಿದೆ. ಸುತ್ತು ಕದಲಲಿಲ್ಲ.

ಭಾನುವಾರ ನೀಲಾ ಅದನ್ನು ಮೀಟಿದಾಗ
ಹೊಗೆಯ ಬಣ್ಣದ್ದೊಂದು ಸದ್ದು ಎದ್ದು
ಕಿಟಕಿಯ ಗಾಜಿನಲ್ಲಿ ಸ್ವಲ್ಪ ಹೊತ್ತು ಕೂತಿತು.
ನಾನು ಕುಣಿಯುವುದೊಂದು ಬಾಕಿ.
ಕ್ಲಿಫರ್ಡ್ ಗಿಟಾರಿನ ಬೆನ್ನಿಗೆ ಅಂಗೈ ಇಟ್ಟರು,
ಕಣ್ಣು ಮುಚ್ಚಿದರು, ಇನ್ನೊಮ್ಮೆ ಅಂದರು, ಮತ್ತೊಮ್ಮೆ.
ಆಮೇಲೆ ತಂತಿಯ ಮೇಲೆ ಉಗುರು ಜಾರಿಸುತ್ತ ಹೋಗಿ
ಒಂದು ಕಡೆ ನಿಲ್ಲಿಸಿದರು:
'ಇಲ್ಲಿ. ಇಲ್ಲಿ ನೀನು ಬೇರೆಲ್ಲೋ ಇದ್ದೆ.'

ಹೌದು. ಅಲ್ಲಿ ಫೋನು ಬಂದಿತ್ತು.

ನೀಲಾ ಆಗಲೇ ಡ್ರಿಲ್ಲಿನ ವೈರು ಬಿಡಿಸುತ್ತಿದ್ದಳು.
ಅಡುಗೆಮನೆಯಲ್ಲಿ, ಇವತ್ತಾದರೂ ಎಂದು ಬಿಚ್ಚಿದ
ಚೀಲದ ಬಾಯಿಯನ್ನು ಮತ್ತೆ ಕಟ್ಟಿದೆ.
ಎರಡು ಬೊಗಸೆ ಕಡಿಮೆಯಿತ್ತು.
ಒಂದು ಇಟ್ಟಿಗೆ ಸೇರಿಸಿದೆವು.